ವಿಜಯವಾಡದ ಆಟೋನಗರ ಮತ್ತು ಟೈಮಿಂಗ್ ಚೈನಿನ ಆಯುಸ್ಸು

ಮೋಟಾರು ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟು, ಅಂದರೆ ಪಿಸ್ಟನ್ನುಗಳ ಏರಿಳಿತವನ್ನು ಸುತ್ತುವ ಚಲನೆಯಾಗಿ ಮಾರ್ಪಡಿಸುವ ದಂಡ, ಎರಡು ಸುತ್ತು ತಿರುಗುವಷ್ಟರಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟು ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಬೆಸೆದಿಡುವ ಉಕ್ಕಿನ ಸರಪಳಿಯೇ ಟೈಮಿಂಗ್ ಚೈನು. ಅದರ ಮೂಲರೂಪವಾದ ರೋಲರ್ ಚೈನನ್ನು ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಮೂಲದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದನು. ಆ ಸರಪಳಿ ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗೆ ಭಾರತದ ಗ್ಯಾರೇಜುಗಳು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಲೋಹದ ಗುಣಕ್ಕಿಂತ ಹೆಚ್ಚಾಗಿ ದುರಸ್ತಿಯ ರೂಢಿಯೇ ಆ ಉತ್ತರಗಳನ್ನು ನಿರ್ಧರಿಸಿತು ಎಂಬುದಕ್ಕೆ ಕೃಷ್ಣಾ ತೀರದ ವಿಜಯವಾಡ ಒಳ್ಳೆಯ ನಿದರ್ಶನ.

ಚೆನ್ನೈ–ಕೋಲ್ಕತ್ತ ಹಾಗೂ ಹೈದರಾಬಾದ್–ಮಚಲೀಪಟ್ಟಣ ಹೆದ್ದಾರಿಗಳು ಕೂಡುವ ಈ ಊರಿನಲ್ಲಿ, 1957ರಲ್ಲಿ ಪ್ರಕಾಶಂ ಬ್ಯಾರೇಜು ಸಿದ್ಧವಾಗಿ ನದಿಯ ಮೇಲೆ ವಾಹನಗಳಿಗೆ ಗಟ್ಟಿ ದಾರಿ ದೊರೆತ ಮೇಲೆ, ಲಾರಿ ಉದ್ಯಮ ಬಲಗೊಂಡಿತು. 1960ರ ದಶಕದಲ್ಲಿ ಊರಿನ ಪೂರ್ವ ಭಾಗದಲ್ಲಿ ಜವಾಹರ್ ಆಟೋನಗರ ತಲೆಯೆತ್ತಿ, ಬಾಡಿ ಕಟ್ಟುವವರು, ಲೇತ್ ಕೆಲಸದವರು, ಬೋರಿಂಗ್ ಅಂಗಡಿಗಳು, ಬಿಡಿಭಾಗ ಮಾರುವವರು ಒಂದೇ ಆವರಣದಲ್ಲಿ ನೆಲೆಗೊಂಡರು. ಆದರೆ ಈ ನಗರದ ಮೊದಲ ವಿದ್ಯೆ ಲಾರಿಯ ವಿದ್ಯೆ. ಟಾಟಾ ಸಂಸ್ಥೆ 1954ರಿಂದ ಮರ್ಸಿಡಿಸ್ ಬೆಂಝ್ ಸಹಯೋಗದಲ್ಲಿ ತಯಾರಿಸಿದ ಲಾರಿಗಳ ಡೀಸೆಲ್ ಇಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟನ್ನು ತಿರುಗಿಸುತ್ತಿದ್ದುದು ಚೈನಲ್ಲ, ಹಲ್ಲಿಗೆ ಹಲ್ಲು ಕೂಡುವ ಗೇರುಗಳು. ಚೈನು ಇಲ್ಲಿಗೆ ಬಂದದ್ದು ಕಾರುಗಳ ಜೊತೆಗೆ.

ಆ ಕಾಲದ ಕಾರು ಎಂದರೆ ಅಂಬಾಸಿಡರ್ ಇಲ್ಲವೇ ಫಿಯಟ್. ಅಂಬಾಸಿಡರಿನ 1489 ಸಿ.ಸಿ. ಇಂಜಿನ್ನಿನಲ್ಲೂ ಮುಂದೆ ಪದ್ಮಿನಿ ಎನಿಸಿಕೊಂಡ ಫಿಯಟ್ 1100ರ ಇಂಜಿನ್ನಿನಲ್ಲೂ ಕ್ಯಾಮ್‌ಶಾಫ್ಟು ಸಿಲಿಂಡರ್ ಬ್ಲಾಕಿನೊಳಗೇ ಇದ್ದುದರಿಂದ ಚೈನು ಗಿಡ್ಡದಾಗಿತ್ತು, ಗಟ್ಟಿಯಾಗಿತ್ತು. ಮುಂಭಾಗದ ಮುಚ್ಚಳ ಕಳಚಿದರೆ ಎರಡು ಸ್ಪ್ರಾಕೆಟ್ಟುಗಳು, ಅಂದರೆ ಹಲ್ಲುಚಕ್ರಗಳು, ಕಾಣುತ್ತಿದ್ದವು. ಅಂಬಾಸಿಡರಿನಲ್ಲಿ ಒಂದೊಂದರ ಮೇಲೂ ಒಂದು ಚಿಕ್ಕ ಗುಳಿ ಇದ್ದು, ಆ ಎರಡು ಗುಳಿಗಳು ಎದುರುಬದುರಾಗಿ ನೇರ ಗೆರೆಯಲ್ಲಿ ನಿಂತಾಗ ಚೈನು ತೊಡಿಸಿದರೆ ಟೈಮಿಂಗ್ ಕೂಡಿದಂತೆ. ಆ ಇಂಜಿನ್ನುಗಳು ಲಕ್ಷ ಕಿಲೋಮೀಟರು ತುಂಬುವ ಮೊದಲೇ ಹೊಗೆ ಬಿಟ್ಟು ಬೋರಿಂಗಿಗೆ ಬರುವುದು ಸಾಮಾನ್ಯವಾಗಿತ್ತು. ಇಂಜಿನ್ ಇಳಿಸಿ ಸಿಲಿಂಡರುಗಳನ್ನು ಕೊರೆದು ಹೊಸ ಪಿಸ್ಟನ್ನು, ರಿಂಗು ಹಾಕುವಾಗ, ಹೇಗೂ ಬಿಚ್ಚಿದೆಯಲ್ಲ ಎಂದು ಚೈನನ್ನೂ ಬದಲಿಸಿಬಿಡುತ್ತಿದ್ದರು. ಹೀಗಾಗಿ ಚೈನಿನ ಆಯುಸ್ಸನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುವ ಪ್ರಮೇಯವೇ ಬರಲಿಲ್ಲ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕ್ಯಾಮ್‌ಶಾಫ್ಟನ್ನು ಇಂಜಿನ್ನಿನ ತಲೆಯ ಮೇಲಕ್ಕೇರಿಸಿ, ಚೈನಿನ ಜಾಗದಲ್ಲಿ ಹಲ್ಲುಳ್ಳ ರಬ್ಬರ್ ಬೆಲ್ಟನ್ನು ತಂದಿತು. 1998ರ ಟಾಟಾ ಇಂಡಿಕಾ, ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ಮತ್ತು 2005ರ ಇನ್ನೋವಾಗಳ ಡೀಸೆಲ್ ಮಾದರಿಗಳು ಕೂಡ ಬೆಲ್ಟಿನ ಗಾಡಿಗಳೇ. ರಬ್ಬರು ತುಂಡಾಗುವ ವಸ್ತುವೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಅದಕ್ಕೊಂದು ಅಂಕಿ ನಿಗದಿಯಾಯಿತು. ಹಳೆಯ ಇನ್ನೋವಾಕ್ಕೆ ಅದು ಒಂದೂವರೆ ಲಕ್ಷ ಕಿಲೋಮೀಟರು. ಗಾಡಿ ಕೊಳ್ಳುವವನು ಮೀಟರು ನೋಡಿ ಬೆಲ್ಟ್ ಬದಲಾಗಿದೆಯೇ ಎಂದು ಕೇಳುವ ಸಂಪ್ರದಾಯ ಈ ಕಾಲದ್ದು, ಮತ್ತು ದುರಸ್ತಿಯ ಚರಿತ್ರೆಯಲ್ಲಿ ಇದಕ್ಕಿಂತ ಹಿತವಾದ ಶಿಸ್ತು ಇನ್ನೊಂದಿಲ್ಲ.

ಆ ಶಿಸ್ತನ್ನು ಕದಲಿಸಿದ್ದು ಚೈನಿನ ಪುನರಾಗಮನ. ಫಿಯಟ್ ರೂಪಿಸಿದ 1.3 ಲೀಟರಿನ ಮಲ್ಟಿಜೆಟ್ ಡೀಸೆಲ್ ಇಂಜಿನ್ನು 2007ರಲ್ಲಿ ಮಾರುತಿಯ ಸ್ವಿಫ್ಟ್ ಮೂಲಕ, ಮರುವರ್ಷ ಡಿಸೈರ್ ಮತ್ತು ಇಂಡಿಕಾ ವಿಸ್ಟಾ ಮೂಲಕ ಹರಡಿ, ಟ್ಯಾಕ್ಸಿ ಮಾಲೀಕರ ನೆಚ್ಚಿನದಾಯಿತು. ಅದರ ಚೈನು ತೆಳ್ಳಗಿನದು, ಉದ್ದದ್ದು; ಪ್ಲಾಸ್ಟಿಕ್ ಮೇಲ್ಮೈಯ ಗೈಡುಗಳ ಮೇಲೆ ಜಾರುತ್ತ ಸಾಗುವ ಅದನ್ನು ಬಿಗಿಯಾಗಿ ಹಿಡಿಯುವುದು ಆಯಿಲ್ ಒತ್ತಡದಿಂದ ಮುಂದಕ್ಕೆ ಚಾಚುವ ಟೆನ್ಷನರ್ ಎಂಬ ಪುಟ್ಟ ಕೊಳವೆ. ಇಂಥ ಚೈನಿಗೆ ಬೆಲ್ಟಿನಂತೆ ಅವಧಿ ಗೊತ್ತುಮಾಡದೆ, ಅದು ಇಂಜಿನ್ ಇರುವಷ್ಟು ಕಾಲ ಇರುತ್ತದೆ ಎಂಬ ಮಾತು ಬಳಕೆಗೆ ಬಂದಿತು. ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದರೊಳಗೆ ಆಯಿಲ್ ಸಕಾಲಕ್ಕೆ ಬದಲಾಗಬೇಕೆಂಬ ಒಂದು ಷರತ್ತಿತ್ತು.

ಚೈನು ಉದ್ದವಾಗುವುದು ಉಕ್ಕು ಹಿಗ್ಗುವುದರಿಂದಲ್ಲ. ಕೊಂಡಿಕೊಂಡಿಯ ಪಿನ್ನು ಮತ್ತು ಬುಷ್ಷು ಕೂದಲೆಳೆಯಷ್ಟು ಸವೆದು, ಆ ಸವೆತವೆಲ್ಲ ಕೂಡಿ ಹಲ್ಲುಚಕ್ರದ ಅಳತೆಯನ್ನು ಮೀರುವುದರಿಂದ. ಡೀಸೆಲ್ ಇಂಜಿನ್ನಿನ ಮಸಿ ಆಯಿಲಿನಲ್ಲಿ ಬೆರೆತು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಸುಮಾರು ಮೂರು ಲೀಟರು ಆಯಿಲ್ ಹಿಡಿಯುವ ಇಂಜಿನ್ನಿನಲ್ಲಿ ಒಂದು ಲೀಟರು ಕಡಿಮೆಯಾದರೂ ಟೆನ್ಷನರಿಗೆ ಒತ್ತಡ ತಪ್ಪುವ ಅಪಾಯವಿದೆ. ಹತ್ತು ಸಾವಿರ ಕಿಲೋಮೀಟರಿಗೆ ಬದಲಾಗಬೇಕಾದ ಆಯಿಲು ಬಾಡಿಗೆಯ ಒತ್ತಡದಲ್ಲಿ ಮುಂದೆ ಹೋದಂತೆಲ್ಲ ಚೈನು ಸಡಿಲಗೊಂಡು, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ಕ್ಷಣ ಗರಗರ ಸದ್ದು ಹೊರಡುತ್ತದೆ. ಅನಂತರ ಕ್ಯಾಮ್ ಮತ್ತು ಕ್ರ್ಯಾಂಕ್ ಸೆನ್ಸರುಗಳು ತಾಳೆಯಾಗುತ್ತಿಲ್ಲವೆಂದು ಇಂಜಿನ್ ದೀಪ ಹೊತ್ತಿಕೊಳ್ಳುವುದುಂಟು. ಆಗಲೂ ಎಚ್ಚರವಾಗದಿದ್ದರೆ ಚೈನು ಹಲ್ಲು ಹಾರಿ, ಪಿಸ್ಟನ್ನು ವಾಲ್ವಿಗೆ ಬಡಿದು, ಇಂಜಿನ್ನೇ ಬಿಚ್ಚಬೇಕಾಗುತ್ತದೆ.

ಆ ಬಿಚ್ಚುವ ಕೆಲಸ ಹಳೆಯ ಮೇಸ್ತ್ರಿಗಳ ಗುಳಿ ಕೂಡಿಸುವ ಕೆಲಸದಂಥದ್ದಲ್ಲ. ಮಲ್ಟಿಜೆಟ್ಟಿನ ಟೈಮಿಂಗ್ ಮುಚ್ಚಳದಲ್ಲೇ ಆಯಿಲ್ ಪಂಪು ಇರುವುದರಿಂದ ಕೆಳಗಿನ ಸಂಪನ್ನೂ, ಅಂದರೆ ಆಯಿಲ್ ತೊಟ್ಟಿಯನ್ನೂ, ಇಳಿಸಬೇಕು. ಕ್ಯಾಮ್‌ಶಾಫ್ಟನ್ನೂ ಫ್ಲೈವೀಲನ್ನೂ ಅವುಗಳಿಗೆಂದೇ ಮಾಡಿದ ಲಾಕಿಂಗ್ ಪಿನ್ನುಗಳಿಂದ ಅಲ್ಲಾಡದಂತೆ ನಿಲ್ಲಿಸಬೇಕು. ಬರಿಯ ಚೈನನ್ನಷ್ಟೇ ಬದಲಿಸಿದರೆ ಸವೆದ ಹಲ್ಲುಗಳು ಹೊಸ ಚೈನನ್ನು ಬೇಗ ತಿನ್ನುತ್ತವೆ. ಆದ್ದರಿಂದ ಸ್ಪ್ರಾಕೆಟ್ಟು, ಗೈಡು, ಟೆನ್ಷನರ್ ಸೇರಿದ ಪೂರ್ತಿ ಕಿಟ್ ಹಾಕುವುದೇ ಸರಿಯಾದ ಪದ್ಧತಿ.

ಚೈನಿನ ಸವೆತವನ್ನು ಓಡಿದ ದೂರದಿಂದಷ್ಟೇ ಅಳೆಯಲಾಗದು. ವಿಶಾಖಪಟ್ಟಣದ ಕಡೆ ಗಾಜುವಾಕದಲ್ಲೂ ಒಂದು ಆಟೋನಗರವಿದ್ದು, ಅಲ್ಲಿಂದ ದೂರವಲ್ಲದ ಪರವಾಡದಲ್ಲಿ ಸಿಂಹಾದ್ರಿ ಉಷ್ಣವಿದ್ಯುತ್ ಸ್ಥಾವರವೂ ಜವಾಹರಲಾಲ್ ನೆಹರು ಫಾರ್ಮಾ ಸಿಟಿಯೂ ಇವೆ. ಇಂಥ ಕೈಗಾರಿಕೆಗಳಿಗೆ ಬಾಡಿಗೆಗೆ ಓಡುವ ಕಾರುಗಳು ಕರಾವಳಿಯ ಸೆಕೆಯಲ್ಲಿ ಎ.ಸಿ. ಹಾಕಿಕೊಂಡು ಗೇಟಿನ ಬಳಿ ನಿಂತಲ್ಲೇ ಉರಿಯುತ್ತವೆ. ಆ ಗಂಟೆಗಳು ಮೀಟರಿನಲ್ಲಿ ಕಾಣಿಸುವುದಿಲ್ಲ, ಆಯಿಲಿನ ಮಸಿಯಲ್ಲಿ ಮಾತ್ರ ಕಾಣಿಸುತ್ತವೆ. ಎರಡು ಲಕ್ಷ ದಾಟಿದ ಎರಡು ಸ್ವಿಫ್ಟುಗಳಲ್ಲಿ ಒಂದರ ಚೈನು ಗಟ್ಟಿಯಾಗಿದ್ದು ಇನ್ನೊಂದರದು ಜೋತುಬೀಳುವುದಕ್ಕೆ ಕಾರಣ ಇಲ್ಲಿದೆ. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾ ಕೂಡ ಬೆಲ್ಟನ್ನು ಕೈಬಿಟ್ಟು ಚೈನು ಹಿಡಿಯಿತು. ಅದರ ಡೀಸೆಲ್ ಇಂಜಿನ್ನುಗಳು ಬೆಂಗಳೂರಿನ ಹೊರವಲಯದ ಜಿಗಣಿಯಲ್ಲಿ ತಯಾರಾದವು. 2020ರ ಏಪ್ರಿಲಿನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿ.ಎಸ್. 6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಆದರೂ ಕೈಯಿಂದ ಕೈಗೆ ದಾಟಿದ ಮಲ್ಟಿಜೆಟ್ ಕಾರುಗಳು ರಸ್ತೆಯಲ್ಲಿವೆ, ಮತ್ತು ಅವುಗಳಲ್ಲಿ ಎಷ್ಟೋ ಗಾಡಿಗಳ ಜೊತೆ ಆಯಿಲ್ ಬದಲಾದ ದಿನಾಂಕಗಳ ಚೀಟಿ ಹೊಸ ಮಾಲೀಕನ ಕೈಸೇರಿಲ್ಲ.