ಕಲ್ಯಾಣ–ಹುಮನಾಬಾದು ಹಾದಿಯ ತಂಗುದಾಣಗಳು

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದು ಸೀಮೆಯು ಮರುಭೂಮಿಯಲ್ಲ. ಆದರೂ ಮಳೆ ತಪ್ಪಿದ ವರ್ಷದ ಬೇಸಗೆಯಲ್ಲಿ ಜಂಬಿಟ್ಟಿಗೆಯ ದಿಣ್ಣೆಗಳನ್ನೂ ಬಿರುಕುಬಿಟ್ಟ ಎರೆಯ ಬಯಲುಗಳನ್ನೂ ದಾಟುವ ಪ್ರಯಾಣಿಕನಿಗೆ ಅದರ ನೆನಪಾಗದೆ ಇರದು. ಇಂಥ ನಾಡಿನಲ್ಲಿ ಹಾದಿಯ ಚರಿತ್ರೆಯೆಂಬುದು ತಂಗುದಾಣಗಳ ಚರಿತ್ರೆಯೇ ಆಗಿದೆ. ಆ ತಂಗುದಾಣಗಳಲ್ಲಿ ಯಾರಿಗೆ ಎಡೆ ದೊರೆಯುತ್ತಿತ್ತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಮೇಲೆ ನಾಲ್ಕು ದಿಕ್ಕಿನ ಹಾದಿಗಳೂ ಇಲ್ಲಿಗೆ ಕೂಡಿಬಂದವು. ಆ ಕಾಲದ ಶಾಸನಗಳಲ್ಲಿ ‘ಸತ್ರ’ಕ್ಕಾಗಿ ಭೂದಾನ ಮಾಡಿದ ಉಲ್ಲೇಖಗಳು ಹೇರಳವಾಗಿವೆ. ಸತ್ರವು ಧರ್ಮಕಾರ್ಯವಾಗಿದ್ದಿತೇ ಹೊರತು ವ್ಯಾಪಾರವಾಗಿರಲಿಲ್ಲ. ಆದರೆ ಅನೇಕ ಸತ್ರಗಳು ಬ್ರಾಹ್ಮಣರಿಗೂ ತಪೋಧನರಿಗೂ ಮೀಸಲಾಗಿದ್ದವೆಂಬುದನ್ನು ಮರೆಯಲಾಗದು. ಕಲ್ಯಾಣದ ಆಳ್ವಿಕೆಗೆ ಸೇರಿದ್ದ ಬನವಾಸಿ ನಾಡಿನ ಬಳ್ಳಿಗಾವೆಯಲ್ಲಿ, ಬಿಜ್ಜಳನ ಕಾಲದ 1162ರ ಶಾಸನವು ಕೋಡಿಯಮಠವನ್ನು ದೀನರಿಗೂ ಅಂಗಹೀನರಿಗೂ ಅನ್ನವಿಕ್ಕುವ, ರೋಗಿಗಳಿಗೆ ಚಿಕಿತ್ಸೆ ನೀಡುವ, ಸಕಲ ಜೀವಿಗಳಿಗೂ ಅಭಯವೀಯುವ ಸ್ಥಾನವೆಂದು ವರ್ಣಿಸುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ದಾಸೋಹವು ಪ್ರಸಿದ್ಧವಾದುದೂ ಇದೇ ಶತಮಾನದಲ್ಲಿ. ಬಾಗಿಲು ಯಾರಿಗೆ ತೆರೆದಿರಬೇಕೆಂಬ ಪ್ರಶ್ನೆಯು ಆಗಲೇ ಈ ನೆಲದಲ್ಲಿ ಎದ್ದಿದ್ದಿತು.

15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿ ಬೀದರಿಗೆ ಬಂದಿತು. 1470ರ ಸುಮಾರಿಗೆ ಇಲ್ಲಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನನು ಜುನ್ನಾರದಿಂದ ಬೀದರಿಗೆ ಒಂದು ತಿಂಗಳ ಪ್ರಯಾಣವಾಯಿತೆಂದು ಬರೆದಿದ್ದಾನೆ. ಈ ದೇಶದಲ್ಲಿ ಪರಸ್ಥಳದ ವರ್ತಕರು ತಂಗುಮನೆಗಳಲ್ಲಿ ಇಳಿಯುತ್ತಾರೆಂದೂ ಅವರಿಗೆ ಅಡುಗೆ ಮಾಡುವವರು ಆ ಮನೆಗಳ ಒಡತಿಯರೆಂದೂ ಅವನು ತಿಳಿಸುತ್ತಾನೆ. ರಾಜರ ದಾನಶಾಸನಗಳಲ್ಲಿ ಈ ಹೆಂಗಸರ ಹೆಸರುಗಳಿಗೆ ಸ್ಥಳವಿಲ್ಲ. ಆದರೂ ದಖ್ಖನಿನ ವ್ಯಾಪಾರವು ಅವರ ಒಲೆಯನ್ನು ಬಹುಮಟ್ಟಿಗೆ ಆಶ್ರಯಿಸಿದ್ದಿತು. ಬೀದರಿನಿಂದ 12 ಕೋವ್ ದೂರದ ಆಳಂದದಲ್ಲಿ 10 ದಿನಗಳ ಜಾತ್ರೆ ನಡೆಯುತ್ತಿದ್ದು, ಅಲ್ಲಿಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದೂ ಅವನು ಹೇಳುತ್ತಾನೆ. ಈ ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಬಹುದು. ಅದರಲ್ಲಿ ಕಾಲು ಭಾಗ ನಿಜವಾದರೂ, ಅಷ್ಟು ಪ್ರಾಣಿಗಳಿಗೆ ಹಾದಿಯುದ್ದಕ್ಕೂ ನೀರೊದಗಿಸಿದ ಬಾವಿಗಳಿದ್ದಿರಲೇಬೇಕು. ಬೀದರಿನ ನೌಬಾದಿನಲ್ಲಿ ಜಂಬಿಟ್ಟಿಗೆಯ ಪದರವನ್ನು ಕೊರೆದು ನಿರ್ಮಿಸಿರುವ ಕರೇಜ್, ಎಂದರೆ ಸುರಂಗ ಕಾಲುವೆಯು, ಆ ಯುಗದ ಜಲವಿದ್ಯೆಗೆ ಸಾಕ್ಷಿಯಾಗಿ ಇಂದಿಗೂ ಉಳಿದಿದೆ. ಈ ಸೀಮೆಯಲ್ಲಿ ತಂಗುದಾಣವನ್ನು ಹುಡುಕುವವರು ಮೊದಲು ಬಾವಿಯನ್ನು ಹುಡುಕಬೇಕೆಂದು ನಮ್ಮ ಅಭಿಪ್ರಾಯ.

19ನೆಯ ಶತಮಾನದಲ್ಲಿ ಎರಡು ಬಗೆಯ ತಂಗುದಾಣಗಳು ಅಕ್ಕಪಕ್ಕದಲ್ಲಿ ಬೆಳೆದವು. ಪುಣೆ–ಹೈದರಾಬಾದು ಹೆದ್ದಾರಿಯಲ್ಲಿ ಬಸವಕಲ್ಯಾಣಕ್ಕೆ ತಿರುಗುವ ಕೂಡುದಾರಿಗೆ ‘ಸಸ್ತಾಪುರ ಬಂಗ್ಲಾ’ ಎಂಬ ಹೆಸರಿದೆ. ಹೆಸರಿನಿಂದಲೇ ಅಲ್ಲಿ ಪ್ರಯಾಣಿಕರ ಬಂಗಲೆಯೊಂದಿದ್ದಿತೆಂದು ಊಹಿಸಬಹುದು. ಇಂಥ ಬಂಗಲೆಗಳು ಮುಖ್ಯವಾಗಿ ಅಧಿಕಾರಿಗಳಿಗಾಗಿ ಕಟ್ಟಿದವು. ಬಂಡಿ ಹೊಡೆಯುವವನು ಹೊರಗಿನ ಮರದಡಿಯಲ್ಲಿಯೇ ರಾತ್ರಿ ಕಳೆಯಬೇಕಾಗಿದ್ದಿತು. ಅದೇ ಹೆದ್ದಾರಿಯ ಮುಂದಿನ ಪಟ್ಟಣವಾದ ಹುಮನಾಬಾದಿನ ಬಳಿ, ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು (1817–1865) ನೆಲಸಿದ ಮಾಣಿಕನಗರದಲ್ಲಿ ಹಿಂದೂಗಳೂ ಮುಸಲ್ಮಾನರೂ ಭಕ್ತರಾಗಿ ಸೇರುತ್ತಿದ್ದರು. ಅಲ್ಲಿ ಅನ್ನದಾನದ ಪದ್ಧತಿಯು ಬೆಳೆದುಬಂದಿತು. ಮೊದಲನೆಯದು ಹುದ್ದೆಯನ್ನು ನೋಡಿ ಬಾಗಿಲು ತೆರೆಯಿತು, ಎರಡನೆಯದು ಹಸಿವನ್ನು ನೋಡಿ ತೆರೆಯಿತು.

ಈ ಸಾಲಿಗೆ ಬೀದರ ಜಿಲ್ಲೆಯ ಗೋರ್ಟಾ (ಬಿ) ಗ್ರಾಮವನ್ನು ಸೇರಿಸದಿದ್ದರೆ ವಿಷಯವು ಅಪೂರ್ಣವಾಗುತ್ತದೆ. ಅಲ್ಲಿ ಹೆಸರಾಂತ ಸರಾಯಿಯಾಗಲಿ ಬಂಗಲೆಯಾಗಲಿ ಇರಲಿಲ್ಲ. 1948ರಲ್ಲಿ ರಜಾಕಾರರ ಹಾವಳಿಗೆ ಅಂಜಿದ ಸುತ್ತಲಿನ ಹಳ್ಳಿಗಳ ಜನರು ಈ ಊರಿಗೆ ಬಂದು ಆಶ್ರಯ ಪಡೆದಿದ್ದರು. ಮೇ 9ರಂದು ಊರಿನ ಮೇಲೆ ದಾಳಿ ನಡೆದು ಅಪಾರ ಜೀವಹಾನಿಯಾಯಿತು. ಸತ್ತವರ ಸಂಖ್ಯೆ ಸುಮಾರು 200 ಎಂಬುದು ಪ್ರಚಲಿತವಾದ ಎಣಿಕೆ. ಊರಿನ ದೊಡ್ಡ ಮನೆಯೊಂದರಲ್ಲಿ ಸೇರಿಕೊಂಡವರು ಬದುಕಿಕೊಂಡರೆಂದು ಜನರು ಇಂದಿಗೂ ಹೇಳುತ್ತಾರೆ. ಅದೇ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತಕ್ಕೆ ಶರಣಾಯಿತು. ಗೋರ್ಟಾದಲ್ಲಿ ಹುತಾತ್ಮರ ಸ್ಮಾರಕವು ಉದ್ಘಾಟನೆಗೊಂಡುದು 2023ರಲ್ಲಿ.

ಸತ್ರಕ್ಕೆ ಶಾಸನವಿದೆ, ವರ್ತಕರ ತಂಗುಮನೆಗೆ ಪರದೇಶೀಯನ ಬರಹವಿದೆ, ಬಂಗಲೆಗೆ ಹೆಸರಾದರೂ ಉಳಿದಿದೆ. ಆಪತ್ಕಾಲದಲ್ಲಿ ಬಾಗಿಲು ತೆರೆದ ಮನೆಗಳಿಗಾದರೋ ಕಂಡವರ ಬಾಯಿಮಾತಿನ ಹೊರತು ಬೇರೆ ದಾಖಲೆಗಳು ವಿರಳ. ಆ ಪೀಳಿಗೆಯವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಆದುದರಿಂದ ಈ ಹಾದಿಯ ಹಳೆಯ ಬಾವಿಗಳನ್ನೂ ಛತ್ರಗಳನ್ನೂ ಗುರುತಿಸುವ ಕಾರ್ಯದೊಡನೆ, ಅಂಥ ಮನೆಗಳ ವೃತ್ತಾಂತವನ್ನು ಊರೂರಿಗೆ ಹೋಗಿ ಬರೆದಿಡುವುದೂ ನಮ್ಮ ವಿದ್ಯಾರ್ಥಿಗಳು ಕೂಡಲೇ ಕೈಕೊಳ್ಳಬೇಕಾದ ಕೆಲಸವಾಗಿದೆ.