ಭರವಸೆಯ ಆಟ, ಬೇರೊಬ್ಬರ ಹೆಸರು

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಎಲೆಗಳು, ಒಟ್ಟು 36. ಒಂದರ ಮೇಲೆ ಕುದುರೆ ಸವಾರ, ಇನ್ನೊಂದರ ಮೇಲೆ ಹಡಗು, ಮತ್ತೊಂದರ ಮೇಲೆ ಶವಪೆಟ್ಟಿಗೆ. ಹಾವು, ನರಿ, ಉಂಗುರ, ಪತ್ರ, ಬೀಗದಕೈ ಕೂಡ ಉಂಟು. ಯುರೋಪಿನಲ್ಲಿ ಕಣಿ ಹೇಳುವವರು ಇವತ್ತಿಗೂ ಬಳಸುವ ಈ ಕಟ್ಟಿಗೆ 'ಪೆಟಿ ಲೆನೊರ್ಮಾಂಡ್' ಎಂದು ಹೆಸರು. ಅಂದರೆ ಚಿಕ್ಕ ಲೆನೊರ್ಮಾಂಡ್. ಸೋಜಿಗವೆಂದರೆ, ಆ ಹೆಸರಿನ ಹೆಂಗಸಿಗೂ ಈ ಎಲೆಗಳಿಗೂ ಇರುವ ನಂಟು ಹೆಸರಿನದು ಮಾತ್ರ.

ಮರಿ ಆನ್ ಲೆನೊರ್ಮಾಂಡ್ 1772ರಲ್ಲಿ ಫ್ರಾನ್ಸಿನ ಅಲಾಂಸೋನ್ ಊರಿನಲ್ಲಿ ಹುಟ್ಟಿದಳು. ಕ್ರಾಂತಿಯ ಕಾಲದ ಪ್ಯಾರಿಸ್ಸಿನಲ್ಲಿ ನಾಳೆ ಯಾರ ತಲೆ ಉಳಿಯುತ್ತದೆ, ಯಾರದು ಉರುಳುತ್ತದೆ ಎಂದು ಯಾರಿಗೂ ತಿಳಿಯದು. ಅಂಥ ಊರಿನಲ್ಲಿ ಕಣಿಗೆ ಬೇಡಿಕೆ ಬರುವುದು ಸಹಜ. ಇಸ್ಪೀಟಿನ ಎಲೆಗಳಿಂದ ಭವಿಷ್ಯ ಹೇಳುವ ವಿಧಾನವನ್ನು 1770ರಲ್ಲೇ ಜಾನ್ ಬಾಪ್ಟಿಸ್ಟ್ ಅಲಿಯೆಟ್ ಎಂಬಾತ ಪುಸ್ತಕ ಮಾಡಿದ್ದ. ತನ್ನ ಹೆಸರಿನ ಅಕ್ಷರಗಳನ್ನು ತಿರುಗುಮುರುಗು ಮಾಡಿ 'ಎಟೆಯ್ಯಾ' ಎಂದು ಕರೆದುಕೊಂಡವನು ಅವನು. ಲೆನೊರ್ಮಾಂಡ್ ಆ ದಾರಿಯಲ್ಲಿ ನಡೆದು ಅವನಿಗಿಂತ ದೊಡ್ಡ ಹೆಸರು ಗಳಿಸಿದಳು. ನೆಪೋಲಿಯನ್ನನ ಹೆಂಡತಿ ಜೋಸೆಫಿನ್‌ಗೆ ತಾನು ಆಪ್ತಳೆಂದು ಹೇಳಿಕೊಂಡಳು, ಪುಸ್ತಕಗಳನ್ನು ಬರೆದಳು. 1809ರಲ್ಲಿ ಪೊಲೀಸರು ಹಿಡಿದು ಕೂಡಿಹಾಕಿದಾಗ ಅದನ್ನೂ ಪುಸ್ತಕದ ಸರಕು ಮಾಡಿಕೊಂಡಳು. 1843ರಲ್ಲಿ ತೀರಿಕೊಂಡಳು.

ಆಕೆಯ ಹೆಸರು ಹೊತ್ತ 36 ಎಲೆಗಳ ಕಟ್ಟು ಮಾರುಕಟ್ಟೆಗೆ ಬಂದದ್ದು ಅದಾದ ಮೇಲೆ, ಅದೂ ಜರ್ಮನಿಯಲ್ಲಿ. ಎಲೆಗಳಂತೂ ಅದಕ್ಕಿಂತ ಸುಮಾರು ಐವತ್ತು ವರ್ಷ ಹಳೆಯವು. ನ್ಯೂರೆಂಬರ್ಗಿನ ಯೋಹಾನ್ ಕಾಸ್ಪರ್ ಹೆಖ್ಟೆಲ್ ಹಿತ್ತಾಳೆ ಕಾರ್ಖಾನೆ ನಡೆಸುತ್ತಿದ್ದವನು. ಬಿಡುವಿನಲ್ಲಿ ಮನೆಮಂದಿಗೆಲ್ಲ ಆಡಲು ಆಟಗಳನ್ನು ಕಟ್ಟುವುದು ಅವನ ಹವ್ಯಾಸ. 1799ರ ಹೊತ್ತಿಗೆ ಅವನು ರೂಪಿಸಿದ್ದು 'ಭರವಸೆಯ ಆಟ'. ಎಲೆಗಳನ್ನು ಆರಾರರಂತೆ ಆರು ಸಾಲಿನಲ್ಲಿ ಹಾಸಿ, ದಾಳ ಹಾಕಿ, ಕಾಯಿ ನಡೆಸಬೇಕು. ನಮ್ಮ ಹಾವು-ಏಣಿಯಾಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 3ನೆಯ ಎಲೆಯ ಹಡಗು ಆಟಗಾರನನ್ನು 12ರ ಹಕ್ಕಿಗಳ ಬಳಿಗೆ ಒಯ್ಯುತ್ತದೆ. 14ರ ನರಿ ದಾರಿ ತಪ್ಪಿಸಿ 5ರ ಮರಕ್ಕೆ ಹಿಂದಟ್ಟುತ್ತದೆ. 8ರ ಶವಪೆಟ್ಟಿಗೆಗೆ ಬಂದವನು ಸತ್ತಂತೆ. ಇನ್ನೊಬ್ಬನು ಅಲ್ಲಿಗೆ ಬರಬೇಕು, ಇಲ್ಲವೇ ಎರಡೂ ದಾಳಗಳಲ್ಲಿ ಒಂದೇ ಅಂಕಿ ಬೀಳಬೇಕು, ಆಗ ಎದ್ದು ಹೊರಡಬಹುದು. 35ರಲ್ಲಿ ಲಂಗರು. ಕ್ರೈಸ್ತರಲ್ಲಿ ಲಂಗರು ಭರವಸೆಯ ಗುರುತು. ಅಲ್ಲಿಗೆ ಮುಟ್ಟಿದವನು ಗೆದ್ದ.

ಕಣಿಯ ಬೀಜವೂ ಅದೇ ಪೆಟ್ಟಿಗೆಯಲ್ಲಿತ್ತು. ಇದೇ ಎಲೆಗಳಿಂದ ತಮಾಷೆಗೆ ಭವಿಷ್ಯ ಹೇಳಬಹುದೆಂದು ಆಟದ ನಿಯಮಗಳ ಕೊನೆಯಲ್ಲಿ ಸೂಚನೆಯಿತ್ತು: ಗಂಡಸಿಗೆ 28ರ ಎಲೆಯಿಂದ, ಹೆಂಗಸಿಗೆ 29ರ ಎಲೆಯಿಂದ ಮೊದಲುಮಾಡಿ, ಸುತ್ತಲಿನ ಚಿತ್ರಗಳನ್ನು ಹೆಣೆದು ಕತೆ ಕಟ್ಟಿ. ಮುಂದೆ ಈ ಬಾಲಂಗೋಚಿಯೇ ಉಳಿದು ಆಟ ಮರೆಯಾಯಿತು. ದಾಳ ಕಳೆದುಹೋಯಿತು, ಕಾಯಿ ಕಳೆದುಹೋಯಿತು, 1799ರಲ್ಲೇ ಇನ್ನೂ ಎಳೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ ಹೆಖ್ಟೆಲನ ಹೆಸರೂ ಕಳೆದುಹೋಯಿತು. ಪ್ರಕಾಶಕರಿಗೆ ಬೇಕಿದ್ದದ್ದು ಮಾರಾಟವಾಗುವ ಹೆಸರು. ಪ್ಯಾರಿಸ್ಸಿನ ಸತ್ತ ಕಣಿಗಾರ್ತಿಗಿಂತ ಒಳ್ಳೆಯ ಹೆಸರು ಎಲ್ಲಿ ಸಿಕ್ಕೀತು? ಆಕೆ ಬಂದು ಅಲ್ಲಗಳೆಯುವಂತೆಯೂ ಇರಲಿಲ್ಲ.

ಇದನ್ನು ಬರೀ ಮೋಸವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಚಿತ್ರಗಳು ಬದಲಾಗಲಿಲ್ಲ, ಅವುಗಳ ಮುಂದೆ ಕೂತವರು ಬದಲಾದರು. ಆಟದಲ್ಲಿ ಶವಪೆಟ್ಟಿಗೆ ಬಿದ್ದರೆ ಮನೆಯವರೆಲ್ಲ ನಗುತ್ತಿದ್ದರು, ಬಿದ್ದವನು ಮುಂದಿನ ಸರದಿಗೆ ಕಾಯುತ್ತಿದ್ದ. ದುಡ್ಡು ಕೊಟ್ಟು ಕಣಿ ಕೇಳಲು ಬಂದವರಿಗೆ ಅದೇ ಎಲೆ ನಗು ತರಿಸೀತೆ? ಹಾಸಿಗೆ ಹಿಡಿದ ಮಗುವೋ, ದೂರದೂರಿಗೆ ಹೋದ ಗಂಡನೋ ಆ ಪುಟ್ಟ ಚಿತ್ರದೊಳಗೆ ಕಂಡುಬಿಡುತ್ತಾರೆ. ಹೆಖ್ಟೆಲನ ನಿಯಮದಲ್ಲಿ ಶವಪೆಟ್ಟಿಗೆಯಿಂದ ಹೊರಬರಲು ದಾರಿಯಿತ್ತು. ಕಣಿ ಕೇಳುವವರು ಎಲೆಗಳ ಮುಂದೆ ಹುಡುಕುತ್ತಿದ್ದದ್ದು ಬಹುಶಃ ಆ ದಾರಿಯನ್ನೇ.