ಕಾಳಿನ ಸಾರೂ ಶಾಸನವೂ

ಊಟದ ಪಟ್ಟಿಯೂ ಇತಿಹಾಸಕ್ಕೆ ಆಕರವಾಗಬಲ್ಲುದು ಎಂದರೆ ಕೆಲವರು ನಕ್ಕಾರು. ಆದರೆ ವಾಷಿಂಗ್ಟನ್ ನಗರದಲ್ಲಿ, ಅಮೆರಿಕದ ಸೆನೆಟ್ ಸಭೆಯ ಭೋಜನಶಾಲೆಯಲ್ಲಿ, ಇಪ್ಪತ್ತನೆಯ ಶತಮಾನದ ಆದಿಯಿಂದ ಒಂದು ಸಾರಿಗೆ ನಿತ್ಯದ ಸ್ಥಾನ ದೊರೆತಿದೆ. ಬಿಳಿಯ ಕಾಳು, ಹಂದಿಯ ಕಾಲಿನ ಗೆಣ್ಣಿನ ಮಾಂಸ, ಈರುಳ್ಳಿ, ಬೆಣ್ಣೆ: ಇಷ್ಟೇ ಅದರ ಬಂಡವಾಳ. ಅದನ್ನು ನಾನು ಉಂಡವನಲ್ಲ. ಅದರ ಕಥೆ ಮಾತ್ರ ನನಗೆ ರುಚಿಸಿದೆ.

ಇದು ಮೂಲತಃ ಚಳಿನಾಡಿನ ರೈತನ ಅಡಿಗೆ. ಹಿಮ ಬಿದ್ದಾಗ ಹೊಲದಲ್ಲಿ ಹಸಿರಿಲ್ಲ. ಮೊದಲೇ ಒಣಗಿಸಿಟ್ಟ ಕಾಳು, ಉಪ್ಪು ಹಚ್ಚಿ ಹೊಗೆಯಲ್ಲಿ ತೂಗಿಸಿದ ಮಾಂಸ, ಇವೆರಡೇ ಗತಿ. ಒಳ್ಳೆಯ ತುಂಡುಗಳು ಮುಗಿದ ಮೇಲೆ ಉಳಿಯುವುದು ಮೂಳೆಯ ಗೆಣ್ಣು. ಅದನ್ನು ಕಾಳಿನೊಡನೆ ಕುದಿಸಿದರೆ ತೊಗಲೂ ನರವೂ ಕರಗಿ ಸಾರು ಗಟ್ಟಿಯಾಗುತ್ತದೆ. ಸೆನೆಟ್ಟಿನ ಪಾಕವಿಧಿಯೂ ಹಾಗೆಯೇ: ಸುಮಾರು 900 ಗ್ರಾಂ ಕಾಳಿಗೆ 700 ಗ್ರಾಂ ಗೆಣ್ಣಿನ ಮಾಂಸ, ಸಣ್ಣ ಉರಿಯಲ್ಲಿ ಮೂರು ಗಂಟೆ, ಕೊನೆಗೆ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ. ನೌಕಾಪಡೆಯವರಿಗೆ ಬಹುಕಾಲ ಬಡಿಸಿದ್ದರಿಂದ ಆ ಕಾಳಿಗೆ ‘ನೇವಿ ಬೀನ್’ ಎಂದೇ ಹೆಸರು.

ಇಂತಹ ಬಡವರ ಸಾರನ್ನು ಸೆನೆಟ್ಟಿಗೆ ತಂದವರು ಯಾರು? ಐಡಾಹೋ ಪ್ರಾಂತದ ಸದಸ್ಯ ಫ್ರೆಡ್ ಡುಬಾಯ್ ಇದಕ್ಕಾಗಿ ನಿರ್ಣಯವನ್ನೇ ಮಾಡಿಸಿದನೆಂದು ಒಂದು ಐತಿಹ್ಯ. ಅವನ ಪಾಕದಲ್ಲಿ ಕಿವುಚಿದ ಆಲೂಗೆಡ್ಡೆಯೂ ಉಂಟು. ಅಲ್ಲ, 1903ರಲ್ಲಿ ಮಿನೆಸೋಟದ ನೂಟ್ ನೆಲ್ಸನ್ ಬಯಸಿದ್ದರಿಂದ ಎಂದು ಇನ್ನೊಂದು. ಪಕ್ಕದ ಪ್ರತಿನಿಧಿ ಸಭೆಯದು ಬೇರೆಯೇ ಕಥೆ: 1904ರ ಒಂದು ಬಿಸಿಲ ದಿನ ಕಾಳಿನ ಸಾರು ಸಿಗಲಿಲ್ಲವೆಂದು ಸಭಾಧ್ಯಕ್ಷ ಜೋಸೆಫ್ ಕ್ಯಾನನ್ ಸಿಡಿಮಿಡಿಗೊಂಡು, ಇನ್ನು ಬಿಸಿಲಿರಲಿ ಹಿಮವಿರಲಿ ಅದು ಇರಲೇಬೇಕೆಂದು ಅಪ್ಪಣೆ ಮಾಡಿದನಂತೆ. ಚಳಿಗಾಲದ ಅಡಿಗೆಗೆ ಋತುವಿನ ಹಂಗು ಹರಿದದ್ದು ಹೀಗೆ. ಆದರೂ 1943ರ ಸೆಪ್ಟೆಂಬರ್ 14ರಂದು, ಯುದ್ಧಕಾಲದ ಪಡಿತರದ ಬಿಗಿಯಲ್ಲಿ, ಸೆನೆಟ್ಟಿನ ಅಡಿಗೆಮನೆಗೆ ಸಾಕಷ್ಟು ಕಾಳು ಸಿಗಲಿಲ್ಲ. ಶಾಸನ ಮಾಡುವವರೂ ಪಡಿತರಕ್ಕೆ ತಲೆಬಾಗಬೇಕಾಯಿತು. ಮರುದಿನ ಕಾಳು ಹೇಗೋ ಒದಗಿತು.

ಕಾಳಿನ ಕಥೆ ಎಂದರೆ ನಮಗೆ ಬೆಂಗಳೂರು ನೆನಪಾಗದೆ ಇದ್ದೀತೆ? ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು; ಊರು ‘ಬೆಂದಕಾಳೂರು’ ಆಯಿತು. ಕಥೆ ಸೊಗಸು. ಆದರೆ ಸುಮಾರು 890ರ ಬೇಗೂರಿನ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತು ಆಗಲೇ ಬಂದಿದೆ. ಇಮ್ಮಡಿ ವೀರಬಲ್ಲಾಳ ಪಟ್ಟವೇರಿದ್ದು 1173ರಲ್ಲಿ. ಅರಸ ಹುಟ್ಟುವುದಕ್ಕೆ ಮೊದಲೇ ಊರಿಗೆ ಹೆಸರಿತ್ತು! ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳ ಮುಖ ಬಾಡುವುದನ್ನು ಕಂಡಿದ್ದೇನೆ. ಹಾಗೆಂದು ಕಥೆಯನ್ನು ಬಿಸಾಡಬೇಕಾಗಿಲ್ಲ. ಅದು ಊರಿನ ಹುಟ್ಟನ್ನು ತಿಳಿಸದಿದ್ದರೂ ಜನರ ಮನಸ್ಸನ್ನು ತಿಳಿಸುತ್ತದೆ.

ಎರಡು ಕಾಳುಗಳೂ ಒಂದೇ ಅಲ್ಲ. ಪುಷ್ಯದ ಚಳಿಯಲ್ಲಿ ನಾವು ಹಿದುಕುವ ಅವರೆ ಹಳೆಯ ಜಗತ್ತಿನದು. ಅಮೆರಿಕದ ಕಾಳಿನ ಒಡಹುಟ್ಟು ನಮ್ಮ ಮಾರುಕಟ್ಟೆಯ ಬೀನ್ಸು. 1492ರ ತರುವಾಯ ಕಡಲು ದಾಟಿ ಬಂದದ್ದು. ಆದರೆ ಕಥೆ ಕಟ್ಟುವ ಬುದ್ಧಿ ಎರಡು ಕಡೆಯೂ ಒಂದೇ. ಸಾಮಾನ್ಯರ ಅನ್ನಕ್ಕೆ ದೊಡ್ಡವರ ಹೆಸರು ಅಂಟಿದ ಹೊರತು ಅದು ನೆನಪಿಗೆ ಯೋಗ್ಯವೆಂದು ಯಾರಿಗೂ ತೋರುವುದಿಲ್ಲ. ವಾಷಿಂಗ್ಟನ್ನಿನ ಕಥೆಯಲ್ಲಿ ಉಂಡವರ ಹೆಸರುಗಳಿವೆ. ಮೂರು ಗಂಟೆ ಒಲೆಯ ಮುಂದೆ ನಿಂತವರದು ಒಂದೂ ಇಲ್ಲ. ನಮ್ಮ ಕಥೆಯ ಮುದುಕಿಗೂ ಹೆಸರಿಲ್ಲ ನಿಜ. ಆದರೆ ಕಾಳು ಬೇಯಿಸಿದವಳು ಅವಳೆಂಬುದನ್ನು ನಮ್ಮ ಜನ ಮರೆತಿಲ್ಲ.